ಮಳೆ ಕಂಡ ಕಾಂಕ್ರೀಟ್ ಗೋಡೆ

ಮಂಗಳೂರಿನಲ್ಲಿ ಕಟ್ಟಡಗಳ ತ್ರೀಡಿ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಆರ್ಕಿಟೆಕ್ಟ್ ಪ್ಲಾನ್ ಕೊಡುತ್ತಾರೆ, ನಾನು ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮನೆ ಎಬ್ಬಿಸಿ, ಫೋಟೋದಂಥ ಚಿತ್ರ (ರೆಂಡರ್) ತೆಗೆದು ಕೊಡುತ್ತೇನೆ. ಎರಡು ವರ್ಷದ ಹಿಂದೆ ಕದ್ರಿ ಗುಡ್ಡದ ಬದಿಯ ಒಂದು ಮನೆಯ ಕೆಲಸ ಬಂತು. ಪ್ಲಾಸ್ಟರ್ ಇಲ್ಲ, ಪೇಂಟ್ ಇಲ್ಲ. ಸೆಂಟ್ರಿಂಗ್ ಹಲಗೆ ತೆಗೆದ ಮೇಲೆ ಹೇಗೆ ಕಾಣುತ್ತದೋ ಹಾಗೆಯೇ ಬಿಡುವ ಕಾಂಕ್ರೀಟ್ ಗೋಡೆಗಳು. ಪಾಲಿ ಹೇವನ್ ಅನ್ನುವ ವೆಬ್‌ಸೈಟಿನಿಂದ ಒಂದು ಉಚಿತ ಕಾಂಕ್ರೀಟ್ ಟೆಕ್ಸ್ಚರ್, ಅಂದರೆ ಮಾಡೆಲ್ ಮೇಲೆ ಹೊದಿಸುವ ಚಿತ್ರ, ಇಳಿಸಿ, ಗೋಡೆಗೆ ಹಾಕಿ, ಚಿತ್ರ ತಯಾರು ಮಾಡಿದೆ.

ಸೈಟಿನಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸುವಾಗ ಮೇಸ್ತ್ರಿ ಕೂಡ ಬಂದು ನಿಂತರು. ಸುಮಾರು ಹೊತ್ತು ನೋಡಿದರು. "ಚಂದ ಉಂಟು. ಆದ್ರೆ ಇದು ಯಾವ ಊರಿದು ಮಾರಾಯ್ರೆ? ಮಳೆ ಬರುದಿಲ್ವಾ ಅಲ್ಲಿ?" ಅಂದರು.

ಮನೆಗೆ ಬಂದು ಅದೇ ಚಿತ್ರವನ್ನು ಮತ್ತೆ ನೋಡಿದೆ. ಅವರು ಹೇಳಿದ್ದು ಸರಿ. ನೆಲದಿಂದ ತಾರಸಿಯವರೆಗೆ ಗೋಡೆ ಒಂದೇ ಬೂದು. ಎಲ್ಲಿಯೂ ನೀರು ಹರಿದ ಗುರುತಿಲ್ಲ. ಹಲಗೆ ಕಟ್ಟಿದ ಗುರುತೂ ಇಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಅಂಥ ಗೋಡೆ ಇರಲು ಸಾಧ್ಯವೇ ಇಲ್ಲ. ಟೆಕ್ಸ್ಚರ್‌ನಲ್ಲಿ ಏನೂ ತಪ್ಪಿರಲಿಲ್ಲ. ಅದನ್ನು ಗೋಡೆಗೆ ಸುಮ್ನೆ ಅಂಟಿಸಿದ್ದು ನನ್ನ ತಪ್ಪು.

ಅಲ್ಲಿಂದ ನಾನು ಕಾಂಕ್ರೀಟ್ ನೋಡುವುದಕ್ಕೆ ಶುರು ಮಾಡಿದೆ. ಫ್ಲೈಓವರ್ ಕಂಬ, ಅಪಾರ್ಟ್‌ಮೆಂಟ್ ಹಿಂದಿನ ತಡೆಗೋಡೆ, ಅರ್ಧಕ್ಕೆ ನಿಂತ ಕಟ್ಟಡ, ಏನು ಸಿಕ್ಕಿದರೂ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮೊದಲು ಕಣ್ಣಿಗೆ ಬಿದ್ದದ್ದು ದಿಕ್ಕು. ನಮ್ಮಲ್ಲಿ ಮಳೆ ಕಡಲ ಕಡೆಯಿಂದ ಗಾಳಿ ಜೊತೆ ಹೊಡೆಯುತ್ತದೆ. ಹಾಗಾಗಿ ಪಡುವಣ ಗೋಡೆ ಕಪ್ಪಾಗುವಷ್ಟು ಮೂಡಣ ಗೋಡೆ ಕಪ್ಪಾಗುವುದಿಲ್ಲ. ಸನ್‌ಶೇಡ್ ಅಡಿಯಲ್ಲಿ ಒಂದು ಅಡಿಯಷ್ಟು ಜಾಗ ಬೆಳ್ಳಗೆ ಉಳಿದಿರುತ್ತದೆ. ಅದರ ಎರಡು ತುದಿಗಳಿಂದ ಮಾತ್ರ ಪಾಚಿಯ ಕಪ್ಪು ಗೆರೆ ಕೆಳಗಿಳಿದಿರುತ್ತದೆ. ಗುಡ್ಡ ಕಡಿದು ಕಟ್ಟಿದ ತಡೆಗೋಡೆಗಳಲ್ಲಿ ಇನ್ನೊಂದು ನೋಡಿದೆ. ಹಿಂದಿನ ನೀರು ಹೊರಗೆ ಹೋಗಲಿ ಅಂತ ಇಟ್ಟ ಪೈಪಿನ ತುಂಡುಗಳ ಬಾಯಿಯಿಂದ ಕೆಂಪು ಮಣ್ಣಿನ ನೀರು ಇಳಿದು, ಬೂದು ಗೋಡೆಯ ಮೇಲೆ ಇಟ್ಟಿಗೆ ಬಣ್ಣದ ಉದ್ದ ಗೆರೆ ಆಗಿರುತ್ತದೆ. ಕೆಲವು ಕಡೆ ಬಿರುಕಿನಿಂದ ಸುಣ್ಣ ಒಸರಿ ಬಿಳಿ ಕಟ್ಟಿರುತ್ತದೆ. ಇಳಿಸಿಕೊಂಡ ಯಾವ ಟೆಕ್ಸ್ಚರ್‌ನಲ್ಲಿಯೂ ಈ ಕೆಂಪು ಗೆರೆ ನನಗೆ ಸಿಕ್ಕಿಲ್ಲ.

ಸೆಂಟ್ರಿಂಗ್ ವಿಷಯವನ್ನು ಮೇಸ್ತ್ರಿಯವರ ಹತ್ತಿರವೇ ಕೇಳಿ ಕಲಿತೆ. ಜಪಾನಿನ ಆರ್ಕಿಟೆಕ್ಟ್ ತಡಾವೊ ಆಂಡೊ ಅವರ ಕಟ್ಟಡಗಳ ಫೋಟೋ ನೋಡಿ, ಕಾಂಕ್ರೀಟ್ ಅಂದರೆ ಅದೇ ಅಂತ ನಮ್ಮಲ್ಲಿ ಎಷ್ಟೋ ಜನ ಚಿತ್ರ ಮಾಡುತ್ತಾರೆ. ಅವರ ಪ್ಯಾನೆಲ್ 900 ಮತ್ತು 1,800 ಮಿಲಿಮೀಟರ್ ಅಳತೆಯದ್ದು, ಅಲ್ಲಿ ನೆಲಕ್ಕೆ ಹಾಸುವ ತತಾಮಿ ಚಾಪೆಯ ಅಳತೆ ಹಿಡಿದದ್ದು. ನಮ್ಮಲ್ಲಿ ಬರುವುದು 8 ಅಡಿ, 4 ಅಡಿಯ ಪ್ಲೈವುಡ್ ಶೀಟ್. ಅಂದರೆ 2,440 ಮತ್ತು 1,220 ಮಿಲಿಮೀಟರ್. ಜೋಡಣೆಯ ಗೆರೆ ತಪ್ಪು ಅಳತೆಯಲ್ಲಿ ಬಿದ್ದರೆ, ಏನು ತಪ್ಪು ಅಂತ ಹೇಳಲು ಬರದಿದ್ದರೂ ನೋಡುವವರಿಗೆ ಮನೆಯ ಗಾತ್ರ ಯಾಕೋ ಸರಿಯಿಲ್ಲ ಅನಿಸುತ್ತದೆ.

ಗುಳ್ಳೆ ತೂತುಗಳಿಗೂ ಒಂದು ಕ್ರಮ ಇದೆ. ಹಸಿ ಕಾಂಕ್ರೀಟನ್ನು ಕುಲುಕುವ ವೈಬ್ರೇಟರ್ ಹಾಕುವಾಗ ಗಾಳಿ ಮೇಲಕ್ಕೆ ಏರುತ್ತದೆ. ಹಾಗಾಗಿ ಒಂದು ಸಲ ಹೊಯ್ದ ಎತ್ತರದಲ್ಲಿ ಮೇಲಿನ ಭಾಗಕ್ಕೆ ತೂತು ಜಾಸ್ತಿ. ಕೆಳಗೆ, ಶೀಟಿನ ಸಂದಿಯಿಂದ ಸಿಮೆಂಟ್ ಹಾಲು ಸೋರಿ ಹೋದಲ್ಲಿ, ಜಲ್ಲಿ ಎದ್ದು ಕಾಣುತ್ತದೆ. ನಾನು ಮೊದಲು ತೂತುಗಳನ್ನು ಗೋಡೆ ತುಂಬ ಸಮನಾಗಿ ಚೆಲ್ಲಿದ್ದೆ. ಈಗ ಮೇಲೆ ದಟ್ಟ, ಕೆಳಗೆ ತೆಳು. ಇಷ್ಟು ಸಣ್ಣ ಬದಲಾವಣೆಗೆ ಗೋಡೆ ಹೊಯ್ದು ನಿಲ್ಲಿಸಿದ ಹಾಗೆ ಕಾಣತೊಡಗಿತು.

ಫೋಟೋ ತೆಗೆಯಲು ನಮ್ಮ ಊರು ಬಹಳ ಒಳ್ಳೆಯದು. ಮೋಡ ಕವಿದ ಬೆಳಿಗ್ಗೆ, ಮಳೆ ಎರಡು ದಿನ ಬಿಡುವು ಕೊಟ್ಟು ಗೋಡೆ ಒಣಗಿರುವಾಗ ಹೋಗಬೇಕು. ನೆರಳು ಬೀಳುವುದಿಲ್ಲ, ಬಣ್ಣ ಹಾಗೆಯೇ ಸಿಗುತ್ತದೆ. ಗೋಡೆಯ ಮೇಲೆ ಎರಡು ಮೀಟರ್ ಚೌಕವನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಬಿದ್ದ ಬೆಳಕಿನ 18 ಶೇಕಡಾ ಮಾತ್ರ ವಾಪಸ್ ಕೊಡುವ ಗ್ರೇ ಕಾರ್ಡ್ ಇಟ್ಟು ಒಂದು ಫೋಟೋ. ಆಮೇಲೆ ಒಂದರ ಮೇಲೊಂದು ಮುಕ್ಕಾಲು ಪಾಲು ಬರುವ ಹಾಗೆ ಸಾಲಾಗಿ ಫೋಟೋ. ಮೆಶ್‌ರೂಮ್ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಅವನ್ನು ಕೊಟ್ಟರೆ ಉಬ್ಬು ತಗ್ಗುಗಳ ಮಾದರಿ ಸಿಗುತ್ತದೆ. ಗ್ರೇ ಕಾರ್ಡ್ ಬಿಡಬೇಡಿ. ಅದಿಲ್ಲದೆ ನಾನು ಮಾಡಿದ ಮೊದಲ ಕಾಂಕ್ರೀಟ್ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಕಾರ್ಡ್ ನೋಡಿ ಬೆಳಕು ಸರಿ ಮಾಡಿದ ಮೇಲೆ, ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಾಪಸ್ ಬರುತ್ತದೆ ಅನ್ನುವ ಲೆಕ್ಕದಲ್ಲಿ, ನಾನು ಫೋಟೋ ತೆಗೆದ ಒಣ ಗೋಡೆಗಳೆಲ್ಲ 0.25ರಿಂದ 0.4ರ ಒಳಗೆ ಬಂದವು. ಫೋಟೋಶಾಪ್‌ನ 0ರಿಂದ 255ರ ಲೆಕ್ಕದಲ್ಲಿ ಅದು ಸುಮಾರು 137ರಿಂದ 170. ಬೆಳಕಿನ ಲೆಕ್ಕ ಪೂರ್ತಿ ಈ ಅಂಕಿಯ ಮೇಲೆ ನಿಂತಿದೆ. ಗೋಡೆ ಬೇಕಾದ್ದಕ್ಕಿಂತ ಬೆಳ್ಳಗಾದರೆ ಬೆಳಕು ಕೋಣೆಯೊಳಗೆ ಜಾಸ್ತಿ ಪುಟಿದು ಚಿತ್ರವೇ ತೆಳುವಾಗುತ್ತದೆ.

ಇನ್ನು ಗಾತ್ರ. ಎರಡು ಮೀಟರ್ ಗೋಡೆಯನ್ನು 4,096 ಪಿಕ್ಸೆಲ್‌ಗೆ ಇಳಿಸಿದರೆ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್. ಆದರೆ 15 ಮೀಟರ್ ಅಗಲದ ಮನೆಯನ್ನು 3,840 ಪಿಕ್ಸೆಲ್ ಅಗಲದ ಚಿತ್ರದಲ್ಲಿ ತೋರಿಸುವಾಗ ಒಂದು ಪಿಕ್ಸೆಲ್ ಸುಮಾರು ನಾಲ್ಕು ಮಿಲಿಮೀಟರ್. ಅಂದರೆ ಗುಳ್ಳೆ ತೂತು ಕಾಣುವುದೇ ಇಲ್ಲ. ಇಷ್ಟು ಕಷ್ಟಪಟ್ಟದ್ದು ಕಾಣಲಿ ಅಂತ ನಾನು ಟೆಕ್ಸ್ಚರ್ ಅನ್ನು ಮೂರು ಪಟ್ಟು ಎಳೆದಿದ್ದೆ. ತೂತುಗಳು ನಾಣ್ಯದಷ್ಟು ದೊಡ್ಡದಾದವು, ಮನೆ ಮೇಜಿನ ಮೇಲಿಟ್ಟ ಮಾಡೆಲ್ ಹಾಗೆ ಕಂಡಿತು. ದೂರದ ಚಿತ್ರದಲ್ಲಿ ಗೋಡೆಯನ್ನು ನಂಬಿಸುವುದು ತೂತು ಅಲ್ಲ. ಶೀಟಿನ ಗೆರೆ, ಶೀಟಿನಿಂದ ಶೀಟಿಗೆ ಬಣ್ಣದಲ್ಲಿರುವ ಸಣ್ಣ ವ್ಯತ್ಯಾಸ, ಮತ್ತೆ ನೀರಿನ ದಾರಿ.

ಹಾಗಾಗಿ ಈಗ ನಾನು ಎಲ್ಲವನ್ನೂ ಒಂದೇ ಟೆಕ್ಸ್ಚರ್‌ಗೆ ತುಂಬುವುದಿಲ್ಲ. ಅಡಿಯಲ್ಲಿ ಬರೀ ಮೈ, ಯಾವ ಕಲೆಯೂ ಇಲ್ಲದ್ದು. ಅದನ್ನು ಎಷ್ಟು ಸಲ ಪುನರಾವರ್ತಿಸಿದರೂ ಕಣ್ಣಿಗೆ ಸಿಕ್ಕಿಬೀಳುವುದಿಲ್ಲ. ಅದರ ಮೇಲೆ ಶೀಟುಗಳು. ಬ್ಲೆಂಡರ್‌ನಲ್ಲಿ ಇಟ್ಟಿಗೆ ಸಾಲು ಬಿಡಿಸುವ ಬ್ರಿಕ್ ಟೆಕ್ಸ್ಚರ್ ನೋಡ್‌ನಲ್ಲಿ, ಸಾಲುಗಳು ಪಕ್ಕಕ್ಕೆ ಸರಿಯದ ಹಾಗೆ ಆಫ್‌ಸೆಟ್ 0, ಸ್ಕೇಲ್ 1 ಮಾಡಿ, ಅಳತೆ 2.44 ಮತ್ತು 1.22 ಕೊಟ್ಟರೆ ಸಾಕು, ಒಂದೊಂದು ಶೀಟಿಗೂ ಬೇರೆ ಬೇರೆ ಬೂದು ತಾನಾಗಿಯೇ ಬರುತ್ತದೆ. ಎಲ್ಲಕ್ಕಿಂತ ಮೇಲೆ ಮಳೆ. ಅದನ್ನು ಆ ಗೋಡೆಗೆ ಮಾತ್ರ, ಕೈಯಲ್ಲೇ ಬಿಡಿಸುತ್ತೇನೆ. ಇದಕ್ಕೆ ಅಡ್ಡದಾರಿ ಹುಡುಕಿ ನೋಡಿದೆ, ಸಿಗಲಿಲ್ಲ. ನೀರು ಎಲ್ಲಿಂದ ಬಂದು ಎಲ್ಲಿ ತಿರುಗುತ್ತದೆ ಅಂತ ಮನುಷ್ಯರೇ ಯೋಚಿಸಬೇಕು.

ರಫ್‌ನೆಸ್, ಅಂದರೆ ಮೈ ಎಷ್ಟು ಒರಟು ಅನ್ನುವ ಅಂಕಿ (0 ಅಂದರೆ ಕನ್ನಡಿಯ ಹೊಳಪು, 1 ಅಂದರೆ ಹೊಳಪೇ ಇಲ್ಲ), ಇದರ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವಿದ್ದೆ. ಬಣ್ಣದ ಚಿತ್ರವನ್ನೇ ಕಪ್ಪು ಬಿಳಿ ಮಾಡಿ ರಫ್‌ನೆಸ್‌ಗೆ ಕೊಡುವುದು ಸುಲಭ. ಆದರೆ ಆಗ ಕಪ್ಪಾಗಿರುವುದೆಲ್ಲ ಹೊಳೆಯುತ್ತದೆ. ಒಣಗಿದ ಪಾಚಿ ಕಪ್ಪು, ಆದರೆ ಒಂಚೂರೂ ಹೊಳೆಯುವುದಿಲ್ಲ. ನುಣುಪಾದ ಶೀಟಿಗೆ ತಾಗಿದ್ದ ಹೊಸ ಕಾಂಕ್ರೀಟ್ ತಿಳಿ ಬಣ್ಣದ್ದು, ಅದು ಓರೆಯಿಂದ ನೋಡಿದರೆ ಮಿರುಗುತ್ತದೆ. ಈಗ ಹೊಸ ಮೈಗೆ 0.5ರಿಂದ 0.7, ಪಾಚಿಗೆ 0.9ರ ಹತ್ತಿರ ಇಡುತ್ತೇನೆ. ಉಬ್ಬು ತಗ್ಗುಗಳನ್ನು ಬಣ್ಣದಲ್ಲಿ ಬರೆದಿಡುವ ನಾರ್ಮಲ್ ಮ್ಯಾಪ್ ಬಗ್ಗೆ ಒಂದೇ ಮಾತು. ಅನ್‌ರಿಯಲ್ ಅನ್ನುವ ಗೇಮ್ ಸಾಫ್ಟ್‌ವೇರ್‌ಗೆ ಮಾಡಿದ್ದನ್ನು ಬ್ಲೆಂಡರ್‌ಗೆ ತಂದರೆ ಹಸಿರು ಚಾನೆಲ್ ತಿರುವಬೇಕು. ಇಲ್ಲದಿದ್ದರೆ ತೂತುಗಳೆಲ್ಲ ಮೊಡವೆಯ ಹಾಗೆ ಉಬ್ಬಿ ಕಾಣುತ್ತವೆ. ಗೋಡೆಯ ಮೂಲೆಗಳಿಗೆ ಮೂರೋ ನಾಲ್ಕೋ ಮಿಲಿಮೀಟರ್ ಬೆವೆಲ್, ಅಂದರೆ ಅಂಚು ಸವರಿದ ಓರೆ, ಕೂಡ ಬೇಕು. ಬ್ಲೇಡಿನಷ್ಟು ಹರಿತವಾದ ಮೂಲೆ ಕಾಂಕ್ರೀಟಿಗೆ ಇರುವುದಿಲ್ಲ.

ಒದ್ದೆ ಗೋಡೆ ನನಗೆ ಅತ್ಯಂತ ಇಷ್ಟದ ಕೆಲಸ. ಒಣ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಗಾಳಿ ಇರುತ್ತದೆ, ಬೆಳಕು ಅಲ್ಲಿ ತಾಗಿ ಬೇಗ ಹೊರಗೆ ಚದುರುತ್ತದೆ. ನೀರು ತುಂಬಿದಾಗ ಬೆಳಕು ಇನ್ನೂ ಒಳಗೆ ಹೋಗಿ ಅಲ್ಲೇ ಇಂಗುತ್ತದೆ. ಅದಕ್ಕೇ ಒದ್ದೆಯಾದದ್ದು ಕಪ್ಪಾಗಿ ಕಾಣುವುದು. ಹೊಳಪು ಬೇರೆ ಸಂಗತಿ. ಮೈ ಮೇಲೆ ನೀರಿನ ಪದರ ನಿಂತಾಗ ಮಾತ್ರ ಅದು ಬರುತ್ತದೆ. ಜುಲೈ ತಿಂಗಳಲ್ಲಿ ಮಳೆ ನಿಂತು ಒಂದು ಗಂಟೆಯಾದ ಮೇಲೆ ಗೋಡೆ ನೋಡಿ. ಕಪ್ಪಾಗಿಯೇ ಇರುತ್ತದೆ, ಹೊಳಪು ಹೋಗಿರುತ್ತದೆ. ಹಾಗಾಗಿ ನಾನು ಎರಡು ಮಾಸ್ಕ್ (ಪರಿಣಾಮ ಎಲ್ಲಿ ಎಷ್ಟು ಬೇಕು ಅಂತ ಹೇಳುವ ಕಪ್ಪು ಬಿಳಿ ಚಿತ್ರ) ಇಟ್ಟುಕೊಂಡಿದ್ದೇನೆ, ಒಂದರ ಹೆಸರು 'ತೇವ', ಇನ್ನೊಂದರದ್ದು 'ನೀರು'. ತೇವ ಬಣ್ಣವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ನೀರು ರಫ್‌ನೆಸ್ ಇಳಿಸುತ್ತದೆ. ಎರಡೂ ಒಂದೇ ಜಾಗದಲ್ಲಿ ಇರಬೇಕೆಂದಿಲ್ಲ.

ಕದ್ರಿಯ ಮನೆಯ ಹೊಸ ಚಿತ್ರಕ್ಕೆ ಮೂರು ವಾರ ಹಿಡಿಯಿತು. ಎರಡು ಚಿತ್ರ ಕೊಟ್ಟೆ, ಮನೆ ಮುಗಿದ ದಿನದ್ದು ಒಂದು, ನಾಲ್ಕು ಮಳೆಗಾಲ ಕಳೆದ ಮೇಲಿನದ್ದು ಒಂದು. ಮನೆಯವರಿಗೆ ಎರಡನೆಯದನ್ನು ತೋರಿಸಲು ಆರ್ಕಿಟೆಕ್ಟ್ ಮೊದಲು ಹಿಂಜರಿದರು. ನಾನು ತೋರಿಸಲೇಬೇಕು ಅಂದೆ. ಮನೆ ಹೇಗೆ ಹಳತಾಗುತ್ತದೆ ಅಂತ ದುಡ್ಡು ಹಾಕುವವರಿಗೆ ಮೊದಲೇ ಗೊತ್ತಿರಬೇಕು ಅಲ್ವಾ?

ಮೇಸ್ತ್ರಿಯವರು ಈ ಸಲ ಸ್ಕ್ರೀನಿನ ಹತ್ತಿರ ಬಗ್ಗಿ ನೋಡಿದರು. ಪಡುವಣ ಕಿಟಕಿಯ ಸನ್‌ಶೇಡ್ ಮೇಲೆ ಬೆರಳಿಟ್ಟು, "ಇದರ ಅಡಿಯಲ್ಲಿ ಗೀರು ಎಲ್ಲಿ ಉಂಟು? ಗೀರು ಇಲ್ಲದಿದ್ರೆ ನೀರು ಒಳಗೆ ತಿರುಗಿ ಗೋಡೆಗೇ ಬರ್ತದೆ. ನೀವು ಅಲ್ಲಿ ಬೆಳ್ಳಗೆ ಬಿಟ್ಟಿದ್ದೀರಿ" ಅಂದರು. ಪ್ಲಾನ್ ತೆಗೆದು ನೋಡಿದೆ. ಅಂಚಿನಿಂದ ಸ್ವಲ್ಪ ಒಳಗೆ, ನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳಲಿ ಅಂತ ಗೀರು ಇತ್ತು. ನಾನು ಮಾಡೆಲ್‌ನಲ್ಲಿ ಅದನ್ನು ಹಾಕಿರಲಿಲ್ಲ. ಅಲ್ಲೇ ಕೂತು ಗೀರು ಕೊರೆದೆ. ಸನ್‌ಶೇಡ್ ಅಡಿಯ ಕಪ್ಪನ್ನು ಅಂಚಿನಿಂದ ಆ ಗೀರಿನವರೆಗೆ ಮಾತ್ರ ಬಿಡಿಸಿ, ಗೋಡೆಯ ಬಿಳಿಯನ್ನು ಹಾಗೆಯೇ ಉಳಿಸಿದೆ.