ಡ್ಯೂಟಿಯಲ್ಲಿರುವ ಪೊಲೀಸರ ವೀಡಿಯೋ ತೆಗೆಯುವುದು ಹೇಗೆ? ಕಾಸರಗೋಡಿನವರು ತಿಳಿದಿರಬೇಕಾದದ್ದು

ಮೊದಲು ಕಾನೂನು. ಕೇರಳ ಪೊಲೀಸ್ ಕಾಯ್ದೆ 2011ರ 33ನೇ ಸೆಕ್ಷನ್ ತೆಗೆದು ನೋಡಿ. ಜನರು ಕಾನೂನಿನ ಮಿತಿಯೊಳಗೆ ಪೊಲೀಸರ ಕೆಲಸವನ್ನು ವೀಡಿಯೋ ಅಥವಾ ಆಡಿಯೋ ಮಾಡುತ್ತಿದ್ದರೆ ಯಾವ ಪೊಲೀಸರೂ ತಡೆಯುವ ಹಾಗಿಲ್ಲ ಅಂತ ಅದರ ಎರಡನೇ ಉಪವಿಭಾಗದಲ್ಲೇ ಇದೆ. ನಮ್ಮ ಕಡೆ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಚೆಕ್ಕಿಂಗಿಗೆ ನಿಲ್ಲುವವರಲ್ಲೂ ಕೆಲವರು ಓದಿದ ಹಾಗೆ ಕಾಣುವುದಿಲ್ಲ ಬಿಡಿ.

ಆದರೆ ಇದು ಕೇರಳದ ಕಾಯ್ದೆ. ತಲಪಾಡಿ ಗಡಿ ದಾಟಿ ಕರ್ನಾಟಕದ ಮಂಗಳೂರು ಕಡೆ ಹೋದರೆ ಈ ಸೆಕ್ಷನ್ ನಿಮ್ಮ ಜೊತೆ ಬರುವುದಿಲ್ಲ. ಅಲ್ಲಿ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ಹಿಡಿದು ವಾದಿಸಬೇಕು. ಅದನ್ನು ವಕೀಲರು ಕೋರ್ಟಿನಲ್ಲಿ ಮಾಡಲಿ, ನೀವು ರಸ್ತೆಯಲ್ಲಿ ಶುರು ಮಾಡಬೇಡಿ.

ಇನ್ನು ನಿಲ್ಲುವ ಜಾಗ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಹೊಸಂಗಡಿಯಲ್ಲೋ ಕುಂಬಳೆಯಲ್ಲೋ ಯಾರನ್ನೋ ಹಿಡಿದು ಎಳೆದಾಡುತ್ತಿದ್ದಾರೆ ಅಂತಿಟ್ಟುಕೊಳ್ಳಿ, ನೀವು ಮೊಬೈಲನ್ನು ಎಸ್‌ಐ ಮುಖದ ಹತ್ತಿರಕ್ಕೇ ಹಿಡಿದರೆ ಕೆಲಸಕ್ಕೆ ಅಡ್ಡಿ ಅಂತ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 221 ಹಾಕುವುದು ಸುಲಭ, ಮೂರು ತಿಂಗಳವರೆಗೆ ಶಿಕ್ಷೆ ಇರುವ ಸೆಕ್ಷನ್ ಅದು. ಮೈಕೈ ತಾಗಿತು ಅಂದರೆ ಸರಕಾರಿ ನೌಕರನ ಮೇಲೆ ಹಲ್ಲೆಯ 132 ಕೂಡ ಬರಬಹುದು. ಹಾಗಾಗಿ ಏಳೆಂಟು ಹೆಜ್ಜೆ ದೂರ ನಿಲ್ಲಿ. ಬೇಕಾದರೆ ಝೂಮ್ ಮಾಡಿ. ಹಿಂದೆ ಹೋಗಿ ಅಂದರೆ ಎರಡು ಹೆಜ್ಜೆ ಹಿಂದೆ ಹೋಗಿ, ರೆಕಾರ್ಡಿಂಗ್ ಮಾತ್ರ ನಿಲ್ಲಿಸಬೇಡಿ. ನೀವು ಹಿಂದೆ ಸರಿದದ್ದೂ ಅದರಲ್ಲಿ ಬರಲಿ, ಮುಂದೆ ಅದೇ ನಿಮ್ಮನ್ನು ಕಾಪಾಡುತ್ತದೆ.

ಮೊಬೈಲ್ ಅಡ್ಡ ಹಿಡಿಯಿರಿ. ಜಾಗ, ತಾರೀಕು, ಸಮಯ ಬಾಯಲ್ಲಿ ಹೇಳಿ. ಎದೆಯ ಮೇಲಿನ ಹೆಸರಿನ ಪಟ್ಟಿ, ಜೀಪಿನ ನಂಬರ್ ಒಮ್ಮೆ ಸರಿಯಾಗಿ ಕಾಣಬೇಕು. ಬಂಧಿಸುವ ಪೊಲೀಸರು ಹೆಸರು ಕಾಣುವ ಹಾಗೆ ಇಟ್ಟುಕೊಳ್ಳಲೇಬೇಕು ಅಂತ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 36ನೇ ಸೆಕ್ಷನ್ ಹೇಳುತ್ತದೆ. ಕಾಮೆಂಟರಿ ಬೇಡ, ಬೈಗುಳ ಅಂತೂ ಬೇಡವೇ ಬೇಡ.

'ವೀಡಿಯೋ ಓಫಾಕ್ಕ್' (ವೀಡಿಯೋ ಆಫ್ ಮಾಡು) ಅಂತ ಮಲಯಾಳದಲ್ಲಿ ಗದರಿದರೆ? 'ಸಾರ್, ಪೊಲೀಸ್ ಆ್ಯಕ್ಟ್ 33ರ ಪ್ರಕಾರ ತೆಗೆಯುತ್ತಿದ್ದೇನೆ, ನಿಮ್ಮ ಕೆಲಸಕ್ಕೆ ಅಡ್ಡ ಬರುವುದಿಲ್ಲ' ಅಂತ ಒಂದೇ ಸಲ ಹೇಳಿ ಸುಮ್ಮನಿರಿ. ಮಲಯಾಳ ಸರಿಯಾಗಿ ಬಾರದಿದ್ದರೆ ಕನ್ನಡದಲ್ಲೇ ಹೇಳಿ. ಮೊಬೈಲ್ ಕಿತ್ತುಕೊಂಡರೆ ಕೈ ಜಗ್ಗಬೇಡಿ. ಯಾವ ಕೇಸಿನಲ್ಲಿ, ಮಹಜರು ಎಲ್ಲಿ ಅಂತ ಕೇಳಿ. ಡಿಲೀಟ್ ಮಾಡು ಅಂತ ಒತ್ತಾಯಿಸುವ ಅಧಿಕಾರ ಅವರಿಗಿಲ್ಲ. ಮನೆಯಿಂದ ಹೊರಡುವಾಗಲೇ ಬೆರಳಚ್ಚಿನ ಬದಲು ಪಿನ್ ಲಾಕ್ ಹಾಕಿ, ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇಡಿ.

ಮಕ್ಕಳಿದ್ದರೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿದ್ದರೆ ಅವರ ಮುಖ, ಹೆಸರು ಹೊರಗೆ ಹೋಗಲೇಬಾರದು. ಹಂಚಿದರೆ ನಿಮ್ಮ ಮೇಲೆಯೇ ಕೇಸು, ಅದೂ ನ್ಯಾಯವಾಗಿಯೇ.

ಠಾಣೆಯೊಳಗೆ ಶೂಟಿಂಗ್ ಮಾಡಿದರೆ ಅಫೀಶಿಯಲ್ ಸೀಕ್ರೆಟ್ಸ್ (ಸರಕಾರಿ ರಹಸ್ಯಗಳ) ಕಾಯ್ದೆ ಅಂತ ಹೆದರಿಸುವುದುಂಟು. ಪೊಲೀಸ್ ಠಾಣೆ ಆ ಕಾಯ್ದೆಯ 'ನಿಷೇಧಿತ ಸ್ಥಳ'ದಲ್ಲಿ ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2022ರಲ್ಲೇ ಹೇಳಿದೆ. ಆದರೂ ಒಳಗೆ ನಿಮ್ಮ ಮೊಬೈಲಿಗಿಂತ ಅವರ ಸಿಸಿಟಿವಿಯೇ ನಂಬಿಕೆಗೆ ಒಳ್ಳೆಯದು. ಎಲ್ಲ ಠಾಣೆಗಳಲ್ಲೂ ಶಬ್ದ ದಾಖಲಾಗುವ ಕ್ಯಾಮೆರಾ ಇರಬೇಕು, 18 ತಿಂಗಳು ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶ ಮಾಡಿದೆ. ತೃಶೂರು ಜಿಲ್ಲೆಯ ಕುನ್ನಂಕುಳಂ ಠಾಣೆಯಲ್ಲಿ 2023ರಲ್ಲಿ ಒಬ್ಬ ಯುವಕನಿಗೆ ಹೊಡೆದದ್ದು ಇಡೀ ಕೇರಳ ನೋಡಿದ್ದು 2025ರಲ್ಲಿ, ಮಾಹಿತಿ ಹಕ್ಕಿನಲ್ಲಿ ಹೋರಾಡಿ ಪಡೆದ ಸಿಸಿಟಿವಿ ದೃಶ್ಯದಿಂದ. ನೀವು ಕಾಯಬೇಡಿ, ಮೊದಲ ವಾರದಲ್ಲೇ ಅರ್ಜಿ ಹಾಕಿ.

ವೀಡಿಯೋ ಸಿಕ್ಕಿದ ಕೂಡಲೇ ಫೇಸ್‌ಬುಕ್ಕಿಗೆ ಏರಿಸುವ ಆತುರ ಬೇಡ. ಒರಿಜಿನಲ್ ಫೈಲ್ ಕತ್ತರಿಸದೆ ಇಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕ್ವಾಲಿಟಿ ಹಾಳಾಗುತ್ತದೆ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಸರ್ಟಿಫಿಕೇಟ್ ಬೇಕು, ಅದನ್ನು ಮಾಡಿಸಲು ವಕೀಲರು ಸಹಾಯ ಮಾಡುತ್ತಾರೆ.

ದೂರನ್ನು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಕೊಡಬಹುದು. ಕೇರಳ ಪೊಲೀಸ್ ಕಾಯ್ದೆಯ 110ನೇ ಸೆಕ್ಷನ್ನಿನಡಿ ಇರುವ ಪೊಲೀಸ್ ದೂರು ಪ್ರಾಧಿಕಾರಕ್ಕೂ ಕೊಡಬಹುದು. ಕನ್ನಡದಲ್ಲೇ ಬರೆಯಿರಿ, ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ.