ಕೂಲಿ ಗೊತ್ತುಮಾಡಿಕೊಳ್ಳದೆ ತೋಟಕ್ಕೆ ಹೋಗುವುದು: ನನ್ನ ಅನುಭವ

ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ಕ್ರೈಸ್ತ ಸಭೆಯಲ್ಲಿ ವಾಗ್ದಾನದ ಚೀಟಿಗಳ ತಟ್ಟೆ ಬರುತ್ತದೆ. ಮಡಿಸಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಿಕೊಂಡು, ಅದರಲ್ಲಿರುವ ವಚನವನ್ನು ಬರುವ ವರ್ಷಕ್ಕಾಗಿ ದೇವರು ತನಗೆ ಕೊಟ್ಟ ಮಾತೆಂದು ಪ್ರತಿಯೊಬ್ಬರೂ ಮನೆಗೆ ಒಯ್ಯುತ್ತಾರೆ. ಕೆಲವರು ಅದನ್ನು ಬೈಬಲಿನೊಳಗೆ ಇಡುತ್ತಾರೆ, ಕೆಲವರು ಅಡುಗೆಮನೆಯ ಗೋಡೆಗೆ ಅಂಟಿಸುತ್ತಾರೆ. ಈ ಪದ್ಧತಿಯನ್ನು ಹಗುರವಾಗಿ ಕಾಣುವವನು ನಾನಲ್ಲ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಚನವನ್ನು ಚೀಟಿ ಎತ್ತಿ ಆರಿಸಿ, 1731ರಿಂದ ವರ್ಷವರ್ಷವೂ ಪುಸ್ತಕವಾಗಿ ಅಚ್ಚು ಹಾಕಿಸುತ್ತ ಬಂದಿದ್ದಾರೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರೂ ಅಂಥದೇ ಭಕ್ತಿಯ ನೆಲದಲ್ಲಿ ಬೆಳೆದವರು. ಆದರೆ ದೊಡ್ಡವರ ಬೈಬಲ್ ತರಗತಿಯನ್ನು ನಡೆಸುವ ಮತ್ತು ಕಾಯಿಲೆಯವರ ಮನೆಗಳಿಗೆ ಹೋಗಿ ಪ್ರಾರ್ಥಿಸುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ, ಚೀಟಿಯಲ್ಲಿರುವ ಒಂದು ಸಾಲನ್ನು ಹೇಗೆ ನಂಬಬೇಕು, ಆ ನಂಬಿಕೆಯಿಂದ ಎಂಥ ಸೇವೆ ಹುಟ್ಟುತ್ತದೆ ಎಂಬುದನ್ನು ಕುಳಿತು ವಿಚಾರ ಮಾಡದೆ ಮುಂದೆ ಹೋಗುವಂತಿರಲಿಲ್ಲ. ನಾನು ಸಭಾಪಾಲಕನಲ್ಲ, ದೇವಶಾಸ್ತ್ರದ ಕಾಲೇಜಿನಲ್ಲಿ ಓದಿದವನೂ ಅಲ್ಲ. ಗದಗ ಕಡೆಯ ಒಂದು ಸಣ್ಣ ಸಭೆಯಲ್ಲಿ ಈ ಕೆಲಸವನ್ನು ಮಾಡುತ್ತ ರೂಢಿಸಿಕೊಂಡದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೂಢಿಸಿಕೊಂಡದ್ದು ಚೀಟಿಯಲ್ಲಿರುವ ವಚನದ ಇಡೀ ಅಧ್ಯಾಯವನ್ನು ಓದುವುದನ್ನು. ಓದುವಾಗ ಮೂರು ಸಂಗತಿಗಳನ್ನು ಗಮನಿಸುತ್ತೇನೆ: ಈ ಮಾತನ್ನು ಯಾರಿಗೆ ಹೇಳಲಾಯಿತು, ಅದರೊಂದಿಗೆ ಏನನ್ನು ಮಾಡಲು ಹೇಳಲಾಯಿತು, ಅದು ನೆರವೇರಲು ಎಷ್ಟು ಕಾಲ ಹಿಡಿಯುತ್ತದೆಂದು ಹೇಳಲಾಯಿತು. ನಮ್ಮಲ್ಲಿ ಎಲ್ಲರಿಗೂ ಪ್ರಿಯವಾದ ಚೀಟಿ ಪ್ರವಾದಿಯಾದ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 11ನೆಯ ವಚನ. ನಿಮ್ಮ ಬಗ್ಗೆ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂದು ಯೆಹೋವನು ಅಲ್ಲಿ ಹೇಳುತ್ತಾನೆ. ಮನೆ ಕಟ್ಟುವವರು, ಮಗಳಿಗೆ ಗಂಡು ಹುಡುಕುವವರು, ವರ್ಗಾವಣೆಗೆ ಕಾದಿರುವವರು ಎಲ್ಲರೂ ಅದನ್ನು ಆ ವರ್ಷದೊಳಗೇ ನೆರವೇರುವ ಮಾತೆಂದು ಹಿಡಿಯುತ್ತಾರೆ. ಆದರೆ ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು, ಮತ್ತು ಅದರ ಹಿಂದಿನ ವಚನದಲ್ಲೇ 70 ವರ್ಷ ಕಳೆದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ ಎಂದಿದೆ. ಆ ಪತ್ರವನ್ನು ಓದಿಸಿಕೊಂಡು ಕೇಳಿದ ನಡುವಯಸ್ಸಿನವರಲ್ಲಿ ಊರಿಗೆ ಮರಳಿ ಹೋದವನು ಒಬ್ಬನೂ ಇರಲಾರನು. ಅವರಿಗೆ ಹೇಳಿದ ಕೆಲಸವಾದರೂ ಏನು? ಅಲ್ಲಿಯೇ ಮನೆ ಕಟ್ಟಿ ವಾಸಿಸಿರಿ, ತೋಟ ಮಾಡಿ ಫಲವನ್ನು ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ. ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುತ್ತದೆಂದು ಹೇಳಿದ ಪ್ರವಾದಿಯೂ ಒಬ್ಬನಿದ್ದನು. ಹಿಂದಿನ ಅಧ್ಯಾಯದಲ್ಲಿ ಬರುವ ಹನನ್ಯನು. ಜನರಿಗೆ ಹಿಡಿಸಿದ್ದು ಅವನ ಮಾತೇ ಇರಬೇಕು. ಇಂದಿನ ಕೆಲವು ಯೂಟ್ಯೂಬ್ ಪ್ರವಾದನೆಗಳನ್ನು ಕೇಳುವಾಗ ನನಗೆ ಅವನ ನೆನಪಾಗುತ್ತದೆ.

ಹೀಗೆ ಓದಿದರೆ ವಾಗ್ದಾನದ ಸವಿ ಕಡಿಮೆಯಾಗುತ್ತದೆಂದು ತರಗತಿಯಲ್ಲಿ ಕೆಲವರು ಬೇಸರಪಟ್ಟರು. ನನಗೆ ಆದದ್ದು ಬೇರೆ. ದಿನಾಂಕ ಮತ್ತು ಮೊತ್ತದ ಮೇಲೆ ಊರಿ ನಿಂತಿದ್ದ ನಂಬಿಕೆ, ಮಾತು ಕೊಟ್ಟವನು ಯಾರು ಎಂಬುದರ ಮೇಲೆ ಊರಿ ನಿಲ್ಲಲು ಕಲಿಯಿತು. ಅಬ್ರಹಾಮನ ಕಥೆಯನ್ನು ನಾನು ಈಗ ಹಾಗೆಯೇ ಓದುತ್ತೇನೆ. ಖಾರಾನಿನಿಂದ ಹೊರಟಾಗ ಅವನಿಗೆ 75 ವರ್ಷ, ವಾಗ್ದಾನದ ಮಗನಾದ ಇಸಾಕನು ಹುಟ್ಟಿದಾಗ 100. ಇಡೀ ಕಾನಾನ್ ದೇಶವನ್ನು ನಿನ್ನ ಸಂತತಿಗೆ ಕೊಡುವೆನೆಂಬ ಮಾತನ್ನು ಮತ್ತೆ ಮತ್ತೆ ಕೇಳಿದವನು, ಹೆಂಡತಿ ಸಾರಳು ಸತ್ತಾಗ ಅವಳನ್ನು ಹೂಳಲು ಆರಡಿ ನೆಲವೂ ಇಲ್ಲದೆ, ಹಿತ್ತಿಯನಾದ ಎಫ್ರೋನನಿಂದ ಮಕ್ಪೇಲದ ಹೊಲವನ್ನೂ ಗವಿಯನ್ನೂ 400 ಶೆಕೆಲ್ ಬೆಳ್ಳಿಗೆ, ಕೇಳಿದ ಬೆಲೆಯಲ್ಲಿ ಒಂದು ಕಾಸೂ ಇಳಿಸದೆ ಕೊಂಡುಕೊಂಡನು. ವಾಗ್ದತ್ತ ದೇಶದಲ್ಲಿ ಅವನ ಹೆಸರಿಗಿದ್ದ ಆಸ್ತಿ ಒಂದು ಸಮಾಧಿಯ ಜಾಗ. ಇಬ್ರಿಯರ ಪತ್ರಿಕೆಯ 11ನೆಯ ಅಧ್ಯಾಯವು ಇಂಥವರನ್ನು ಕುರಿತು, ವಾಗ್ದಾನವಾದದ್ದನ್ನು ಹೊಂದದೆಯೇ, ಅದನ್ನು ದೂರದಿಂದ ಕಂಡು ಸಂತೋಷಪಟ್ಟು ನಂಬಿಕೆಯಲ್ಲೇ ಸತ್ತರೆಂದು ಹೇಳುತ್ತದೆ. ಈ ಅಧ್ಯಾಯವನ್ನು ನಾವು ಓದುವ ಭಾಷೆಗೆ ತರುವ ಕೆಲಸಕ್ಕೂ ಅಂಥದೇ ಕಾಯುವಿಕೆ ಬೇಕಾಯಿತು; 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಕನ್ನಡ ಬೈಬಲ್ ಪೂರ್ಣವಾದದ್ದು 1831ರಲ್ಲಿ.

ವಾಗ್ದಾನವನ್ನು ಹೇಗೆ ನಂಬುತ್ತೇವೆಯೋ ಸೇವೆಯನ್ನೂ ಹಾಗೆಯೇ ಮಾಡುತ್ತೇವೆ ಎಂಬುದು ನನಗೆ ಮನದಟ್ಟಾದದ್ದು ಮತ್ತಾಯನ ಸುವಾರ್ತೆಯ 19 ಮತ್ತು 20ನೆಯ ಅಧ್ಯಾಯಗಳನ್ನು ಒಟ್ಟಿಗೆ ಕಲಿಸುವಾಗ. ನಾವು ಎಲ್ಲವನ್ನೂ ಬಿಟ್ಟು ನಿನ್ನನ್ನು ಹಿಂಬಾಲಿಸಿದೆವಲ್ಲ, ನಮಗೆ ಏನು ದೊರಕುವುದು ಎಂದು ಶಿಷ್ಯನಾದ ಪೇತ್ರನು ಯೇಸುವನ್ನು ಕೇಳುತ್ತಾನೆ. ಯೇಸು ಅವನನ್ನು ಗದರಿಸುವುದಿಲ್ಲ. ನೂರರಷ್ಟು ಸಿಗುತ್ತದೆಂದು ಹೇಳಿ, ಆ ಮಾತಿನ ಬೆನ್ನಿಗೇ ದ್ರಾಕ್ಷಿತೋಟದ ಕೂಲಿಯವರ ಸಾಮ್ಯವನ್ನು, ಅಂದರೆ ದೃಷ್ಟಾಂತದ ಕಥೆಯನ್ನು, ಹೇಳುತ್ತಾನೆ. ಬೆಳಿಗ್ಗೆ ಮೊದಲು ಬಂದವರು ದಿನಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡಿಕೊಂಡು ಹೋದರು. ಒಂಬತ್ತು ಗಂಟೆಗೂ ಆ ಮೇಲೆಯೂ ಬಂದವರಿಗೆ ಯಜಮಾನನು, ನ್ಯಾಯವಾದದ್ದನ್ನು ಕೊಡುತ್ತೇನೆಂದು ಮಾತ್ರ ಹೇಳಿದನು, ಅವರು ಅವನ ಮಾತಿನ ಮೇಲೆ ಹೋದರು. ಸಂಜೆ ಐದಕ್ಕೆ ಬಂದವರಿಗೂ ಅವನು ಬೆಳಿಗ್ಗೆಯವರಷ್ಟೇ ಕೂಲಿ ಕೊಟ್ಟನು. ಆಗ ಗೊಣಗಿದವರು ಕೂಲಿ ಗೊತ್ತುಮಾಡಿಕೊಂಡವರೇ. ಗೊತ್ತಾದಷ್ಟು ಅವರಿಗೆ ಪೂರ್ತಿಯಾಗಿ ಸಂದಿತ್ತು. ಪಕ್ಕದವನ ಕೈಯಲ್ಲಿರುವುದನ್ನು ನೋಡುವವರೆಗೆ ಅದು ಕಡಿಮೆಯೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ.

ನಮ್ಮ ತರಗತಿಯಲ್ಲಿ ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಇದ್ದಾರೆ. ಈ ಕಥೆಯಲ್ಲಿ ಅವರು ಒಂದು ಕ್ಷಣವೂ ತಡಮಾಡದೆ ಮೊದಲಿನವರ ಪಕ್ಷ ವಹಿಸಿದರು, ಮತ್ತು ಅವರಲ್ಲೊಬ್ಬರು, ಹೀಗೆ ಮಾಡಿದರೆ ನಾಳೆ ಬೆಳಿಗ್ಗೆ ಆ ಯಜಮಾನನ ತೋಟಕ್ಕೆ ಯಾರೂ ಬರುವುದಿಲ್ಲ, ಎಲ್ಲರೂ ಸಂಜೆ ಐದಕ್ಕೇ ಬರುತ್ತಾರೆ ಎಂದರು. ಉಪದೇಶದ ಪುಸ್ತಕಗಳಲ್ಲಿ ಇಷ್ಟು ಒಳ್ಳೆಯ ಆಕ್ಷೇಪವನ್ನು ನಾನು ಕಂಡಿಲ್ಲ. ಅದಕ್ಕೆ ಕೂಡಲೇ ಉತ್ತರ ಹೇಳದೆ, ಐದು ಗಂಟೆಯವರೆಗೆ ಯಾರೂ ಕರೆಯದೆ ಸಂತೆಯ ಕಟ್ಟೆಯ ಮೇಲೆ ಕುಳಿತವನ ದಿನ ಹೇಗಿರುತ್ತದೆಂದು ಅವರನ್ನೇ ಕೇಳಿದೆ. ಆ ಕುಳಿತಿರುವಿಕೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೆಲಸ ಸಿಕ್ಕಿದ್ದೇ ಬೆಳಿಗ್ಗೆಯವರ ಲಾಭವೆಂಬುದು ಅಂದಿನ ಚರ್ಚೆಯಲ್ಲಿ ಅವರ ಬಾಯಿಂದಲೇ ಬಂತು. ಯಜಮಾನನು ನ್ಯಾಯಸ್ಥನೋ ಅಲ್ಲವೋ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಇದನ್ನು ಕಲಿಸಿದ ಮೇಲೆ ನನ್ನ ಸೇವೆಯ ಕ್ರಮದಲ್ಲಿ ಕೆಲವು ನಿಯಮಗಳನ್ನು ಇಟ್ಟುಕೊಂಡೆನು. ಕಾಯಿಲೆಯವರ ಭೇಟಿಗೆ ಒಬ್ಬನೇ ಹೋಗುವುದಿಲ್ಲ, ಹೋದದ್ದರ ಫೋಟೋ ಸಭೆಯ ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ, ಹೋದ ಮನೆಯವರು ಆ ಬಳಿಕ ನಮ್ಮ ಮನೆಯ ಕಷ್ಟಕ್ಕೆ ಬಂದರೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಮಾತಿಗೆ ತರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಕಠಿಣ. ಯೋಬನ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ ಸೈತಾನನು ಕೇಳುವ ಪ್ರಶ್ನೆ, ಯೋಬನು ಲಾಭವಿಲ್ಲದೆ ಸುಮ್ಮನೆ ದೇವರಿಗೆ ಭಯಪಡುತ್ತಾನೋ ಎಂಬುದು, ದೊಡ್ಡ ಆಪತ್ತಿನಲ್ಲಿ ಮಾತ್ರವಲ್ಲ, ನಮ್ಮ ಮನೆಯ ಮದುವೆಗೆ ಯಾರು ಬರಲಿಲ್ಲವೆಂದು ಲೆಕ್ಕ ಹಾಕುವ ರಾತ್ರಿಯಲ್ಲಿಯೂ ಎದುರಾಗುತ್ತದೆ. ಬೆಳೆಹಬ್ಬದ ಹರಾಜಿನಲ್ಲಿ ಕಾಣಿಕೆಯ ತೆಂಗಿನಕಾಯಿ, ಕುಂಬಳಕಾಯಿಗಳನ್ನು ಕೊಂಡವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಅದರಲ್ಲಿ ಸಂತೋಷವೂ ಇದೆ, ಸಭೆಗೆ ಹಣವೂ ಕೂಡುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ನನ್ನ ಮಟ್ಟಿಗೆ ತರಗತಿಯ ಹೆಸರಿನಲ್ಲಿ ಕೂಗಿ ಕೊಳ್ಳುತ್ತೇನೆ. ನನ್ನ ಹೆಸರು ಬೇಡವೆಂದು ಒಮ್ಮೆ ಹೇಳಿ ಸುಮ್ಮನಾಗಬೇಕು. ಮೂರು ಸಲ ಹೇಳಿದರೆ ಅದೂ ಒಂದು ಬಗೆಯ ಪ್ರಕಟಣೆಯೇ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ನಾಡಿನಲ್ಲಿ ಸರಿಯಾದ ಉದ್ದೇಶದ ಮಾತೆತ್ತಿದೊಡನೆ ಕೇಳುವವರ ಮನಸ್ಸು ಫಲಾಪೇಕ್ಷೆಯಿಲ್ಲದ ಕರ್ಮದ ಕಡೆಗೆ ಹೋಗುತ್ತದೆ, ಮತ್ತು ನಾನು ಕೇಳಿದ ಹಲವು ಪ್ರಸಂಗಗಳೂ ಅದನ್ನೇ ಕ್ರೈಸ್ತ ಪದಗಳಲ್ಲಿ ಹೇಳುತ್ತವೆ. ಬೈಬಲ್ ಹಾಗೆ ಹೇಳುವುದಿಲ್ಲವೆಂಬುದು ನನ್ನ ಅಭಿಪ್ರಾಯ. ದೇವರು ತನ್ನನ್ನು ಹುಡುಕುವವರಿಗೆ ಪ್ರತಿಫಲವನ್ನು ಕೊಡುತ್ತಾನೆಂದು ನಂಬುವುದು ನಂಬಿಕೆಯ ಭಾಗವೇ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ, ಮೋಶೆಯು ಐಗುಪ್ತದ ಐಶ್ವರ್ಯವನ್ನು ಬಿಟ್ಟದ್ದು ಬರಲಿರುವ ಪ್ರತಿಫಲದ ಮೇಲೆ ದೃಷ್ಟಿಯಿಟ್ಟದ್ದರಿಂದ ಎಂದೂ ಹೇಳುತ್ತದೆ. ನೋಡಬೇಕಾದದ್ದು ಪ್ರತಿಫಲವೆಂದರೆ ಏನು ಎಂಬುದನ್ನು. ಕಾನಾನ್ ದೇಶವನ್ನು ಕುಲಗಳಿಗೆ ಹಂಚುವಾಗ ಲೇವಿಯ ಕುಲಕ್ಕೆ ಸೀಮೆಯೊಂದೂ ಬರಲಿಲ್ಲ. ಯೆಹೋವನೇ ಅವರ ಸ್ವಾಸ್ತ್ಯ, ಅಂದರೆ ಪಾಲಿಗೆ ಬಂದ ಆಸ್ತಿ, ಎಂದು ಬರೆದಿದೆ. ದೇವದರ್ಶನದ ಗುಡಾರವನ್ನು ಹೊತ್ತವರು, ಸೇವೆ ಮಾಡಿದವರು ಅವರೇ. ಪ್ರವಾದಿ ಎಲೀಷನ ಆಳಾದ ಗೇಹಜಿಯು ಇದನ್ನು ಅರಿಯದೆ, ಎಲೀಷನಿಂದ ಕುಷ್ಠ ವಾಸಿಯಾಗಿ ಹೋಗುತ್ತಿದ್ದ ಅರಾಮ್ ದೇಶದ ಸೇನಾಪತಿ ನಾಮಾನನ ಬೆನ್ನು ಹತ್ತಿ ಬೆಳ್ಳಿಯನ್ನೂ ಬಟ್ಟೆಗಳನ್ನೂ ಇಸಿದುಕೊಂಡನು. ತನ್ನ ಒಡೆಯನು ಆ ಕಾಣಿಕೆಯನ್ನು ಬೇಡವೆಂದದ್ದು ಅವನ ಕಣ್ಣಿಗೆ ಸುಮ್ಮನೆ ಕಳೆದುಕೊಂಡ ಸಂಪಾದನೆಯಾಗಿ ಕಂಡಿತ್ತು.

ಇಷ್ಟೆಲ್ಲ ಓದಿದ್ದು ನಿಜವಾಗಿ ಬೇಕಾದದ್ದು ಕಾಯಿಲೆಯ ಮಂಚದ ಬಳಿ. ನಮ್ಮ ಸಭೆಯ ಒಬ್ಬರಿಗೆ ಮೂತ್ರಪಿಂಡಗಳು ಕೆಟ್ಟು, ವಾರವಾರವೂ ಡಯಾಲಿಸಿಸ್‌ಗಾಗಿ ಹುಬ್ಬಳ್ಳಿಗೆ ಹೋಗಬೇಕಾಗಿತ್ತು. ಆ ವರ್ಷ ಅವರಿಗೆ ಬಂದ ಚೀಟಿಯಲ್ಲಿ, ಯೆಹೋವನಾದ ನಾನೇ ನಿನ್ನನ್ನು ವಾಸಿಮಾಡುವವನು ಎಂಬ ವಿಮೋಚನಕಾಂಡದ ವಚನವಿತ್ತು. ಕಾಯಿಲೆ ಏರುತ್ತ ಹೋದಂತೆ, ತಮ್ಮ ನಂಬಿಕೆ ಸಾಲದೆ ಹೀಗಾಯಿತೋ ಎಂದು ಅವರ ಹೆಂಡತಿ ಕೇಳಿದರು. ಹಾಗೆಂದು ಅವರಿಗೆ ಹೇಳಿಹೋದವರೂ ಇದ್ದರು. ಹುಟ್ಟುಕುರುಡನನ್ನು ಕುರಿತು, ಇವನಾಗಲಿ ಇವನ ತಂದೆತಾಯಿಗಳಾಗಲಿ ಪಾಪ ಮಾಡಿದ್ದರಿಂದ ಇದು ಬಂದದ್ದಲ್ಲವೆಂದು ಯೇಸು ಹೇಳಿದ್ದನ್ನು ಮಾತ್ರ ಅವರಿಗೆ ಓದಿದೆನು. ಆ ಮನೆಯಲ್ಲಿ ನಾನು ಹೆಚ್ಚಾಗಿ ಓದುತ್ತಿದ್ದದ್ದು ಯೆಶಾಯನ 43ನೆಯ ಅಧ್ಯಾಯವನ್ನು. ನೀರನ್ನು ಹಾಯುವಾಗ ನಿನ್ನ ಸಂಗಡ ಇರುವೆನೆಂದು ಅಲ್ಲಿದೆ. ನೀರೇ ಅಡ್ಡ ಬರುವುದಿಲ್ಲವೆಂದು ಇಲ್ಲ. ಗುಣವಾಗಲೆಂದೂ ಪ್ರಾರ್ಥಿಸಿದೆವು, ಏಕೆಂದರೆ ಅಪೊಸ್ತಲನಾದ ಪೌಲನೂ ತನ್ನ ಶರೀರವನ್ನು ಬಾಧಿಸುತ್ತಿದ್ದ ಶೂಲವು ತೊಲಗಲೆಂದು ಮೂರು ಸಲ ಬೇಡಿಕೊಂಡನು, ಮತ್ತು ಅವನಿಗೆ ಸಿಕ್ಕಿದ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತಾಗಿತ್ತು. ಆ ಕಾಯಿಲೆಯವರು ಬೆಳೆಹಬ್ಬಕ್ಕೆ ಮೊದಲೇ ತೀರಿಕೊಂಡರು. ಆ ಚೀಟಿ ಇಂದಿಗೂ ಅವರ ಮನೆಯ ಗೋಡೆಯ ಮೇಲಿದೆ; ಅದನ್ನು ಮನೆಯವರು ಏಕೆ ಇಟ್ಟುಕೊಂಡಿದ್ದಾರೆಂದು ನಾನು ಕೇಳಿಲ್ಲ.

ಉದ್ದೇಶ ಪೂರ್ತಿ ಶುದ್ಧವಾಗುವವರೆಗೆ ಸೇವೆಗೆ ಇಳಿಯಬಾರದೇ ಎಂದು ಕೇಳುವವರಿದ್ದಾರೆ. ಹಾಗೆ ಕಾದರೆ ಕಾಯಿಲೆಯವರ ಮನೆಗೆ ಯಾರೂ ಹೋಗಲಾರರು. ಕೆಲವರು ಹೊಟ್ಟೆಕಿಚ್ಚಿನಿಂದ ಕ್ರಿಸ್ತನನ್ನು ಸಾರುತ್ತಾರೆಂದು ಸೆರೆಮನೆಯಲ್ಲಿದ್ದ ಪೌಲನು ಫಿಲಿಪ್ಪಿಯವರಿಗೆ ಬರೆದು, ಹೇಗಾದರೂ ಕ್ರಿಸ್ತನು ಪ್ರಸಿದ್ಧಿಗೆ ಬರುತ್ತಾನಲ್ಲ ಎಂದು ಸಂತೋಷಪಟ್ಟನು. ಆದರೆ ಅವನೇ ಕೊರಿಂಥದವರಿಗೆ ಬರೆದಾಗ, ಪ್ರೀತಿಯಿಲ್ಲದೆ ಇರುವುದೆಲ್ಲವನ್ನೂ ದಾನ ಮಾಡಿದರೂ ಪ್ರಯೋಜನವಿಲ್ಲವೆಂದನು. ಎರಡನ್ನೂ ಹೇಗೆ ಒಟ್ಟಿಗೆ ಹಿಡಿಯುವುದೆಂದರೆ, ಮೊದಲನೆಯದನ್ನು ಬೇರೆಯವರ ಸೇವೆಗೆ ಅನ್ವಯಿಸುತ್ತೇನೆ, ಎರಡನೆಯದನ್ನು ನನ್ನದಕ್ಕೆ.

ಈ ವರ್ಷ ಭೇಟಿಯ ಕೆಲಸಕ್ಕೆ ಇಬ್ಬರು ಯುವಕರು ಸೇರಿದ್ದಾರೆ. ಅವರಲ್ಲೊಬ್ಬನು ಸರ್ಕಾರಿ ನೌಕರಿಯ ಪರೀಕ್ಷೆ ಬರೆದಿದ್ದಾನೆ, ದೇವರ ಕೆಲಸ ಮಾಡಿದರೆ ಆಯ್ಕೆಯಾದೀತೆಂದು ಬಂದದ್ದಾಗಿ ಮುಚ್ಚುಮರೆಯಿಲ್ಲದೆ ಹೇಳಿದನು. ನಾನು ಅವನನ್ನು ತಡೆಯಲಿಲ್ಲ. ಬೇತೇಲ್ ಎಂಬಲ್ಲಿ ಅಬ್ರಹಾಮನ ಮೊಮ್ಮಗ ಯಾಕೋಬನೂ ದೇವರೊಂದಿಗೆ ಚೌಕಾಸಿಯನ್ನೇ ಮಾಡಿದನು: ಅನ್ನಬಟ್ಟೆ ಕೊಟ್ಟು ಕ್ಷೇಮವಾಗಿ ಮನೆಗೆ ಮುಟ್ಟಿಸಿದರೆ ಯೆಹೋವನೇ ನನ್ನ ದೇವರು, ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ಕೊಡುವೆನು ಎಂದು. ಅವನು ಹಾಗೆ ಕರಾರು ಹಾಕುವ ಮೊದಲೇ, ಅದೇ ರಾತ್ರಿ ಕನಸಿನಲ್ಲಿ, ನಿನ್ನನ್ನು ಬಿಡುವುದಿಲ್ಲವೆಂಬ ಮಾತನ್ನು ಯಾವ ಕರಾರೂ ಇಲ್ಲದೆ ದೇವರು ಕೊಟ್ಟಾಗಿತ್ತು. ಸೋದರಮಾವ ಲಾಬಾನನ ಮನೆಯಲ್ಲಿ 20 ವರ್ಷ ದುಡಿದು ಹಿಂದಿರುಗುವಾಗ ಅವನು ಮಾಡಿದ ಪ್ರಾರ್ಥನೆಯಲ್ಲಿ ಕರಾರು ಇಲ್ಲ. ಕೋಲೊಂದನ್ನೇ ಹಿಡಿದು ಈ ಯೊರ್ದನನ್ನು ದಾಟಿದವನು ನಾನು, ನೀನು ತೋರಿಸಿದ ದಯೆಗೆ ಯೋಗ್ಯನಲ್ಲ ಎಂದಿದೆ. ಆ ಹುಡುಗನಿಗೆ ಆದಿಕಾಂಡದ 28ನೆಯ ಮತ್ತು 32ನೆಯ ಅಧ್ಯಾಯಗಳನ್ನು ಓದಲು ಹೇಳಿ, ಮಂಗಳವಾರದ ಮನೆಗಳನ್ನು ಅವನಿಗೆ ವಹಿಸಿದ್ದೇನೆ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ.