ಪೆಲೆಟ್ ಅರಳುತ್ತದೆಯೇ? ಪುಣೆಯ ಫ್ರಿಜ್ಜಿನಲ್ಲಿ ಜೆಲಾಟಿನ್ ಹದಕ್ಕೆ ಬಂದದ್ದು

ಹಾಲೋಪಾಯಿಂಟ್, ಅಂದರೆ ತಾಗಿದಾಗ ಅರಳಲಿ ಅಂತ ಮೂತಿಯಲ್ಲಿ ಗುಳಿ ಮಾಡಿದ ಏರ್ ಗನ್ನಿನ ಸಣ್ಣ ಸೀಸದ ಗುಂಡು (ಪೆಲೆಟ್), ಅರಳಲಿಲ್ಲ. ಏರ್ ಪಿಸ್ತೂಲಿನಿಂದ ಹೊಡೆದದ್ದರಲ್ಲಿ ಒಂದೂ ಅರಳಲಿಲ್ಲ. ಡಬ್ಬಿಯ ಮೇಲಿನ ಹೂವಿನಂಥ ಚಿತ್ರ ನೋಡಿ ದುಡ್ಡು ಕೊಡುವವರು ಇದನ್ನು ಮೊದಲು ಓದಿಕೊಳ್ಳಲಿ. ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ, ಮಾಂಸದ ಬದಲು ಗುಂಡು ಹೊಡೆದು ನೋಡುವ ಹದಿನಾಲ್ಕು ಬ್ಲಾಕ್ ಜೆಲಾಟಿನ್ ಮತ್ತು ಸುಮಾರು ಹನ್ನೊಂದು ಸಾವಿರ ರೂಪಾಯಿ ಖರ್ಚಾಗಿದೆ. ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಹೊಡೆಯುವ ನಮ್ಮವರೇ "ಏನ್ರೀ, ಕೋಕಂ ಜೆಲ್ಲಿನಾ?" ಅಂತ ನಕ್ಕಿದ್ದರು. ಈಗ ಹೊಸ ಡಬ್ಬಿ ಕೊಳ್ಳುವ ಮೊದಲು ಅವರೇ ನನ್ನ ನೋಟ್‌ಬುಕ್ ಕೇಳುತ್ತಾರೆ.

ನನ್ನದು 4.5 ಮಿ.ಮೀ. ಪಿಸ್ತೂಲು. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ, ಅಂದರೆ ಐದೂವರೆ ಜೂಲ್ ಚಿಲ್ಲರೆ. 9 ಮಿ.ಮೀ. ಹಾಲೋಪಾಯಿಂಟ್ ಅರಳುವುದು ಇದರ ಎರಡು ಪಟ್ಟಿಗೂ ಮೀರಿದ ವೇಗದಲ್ಲಿ. 1986ರ ಮಯಾಮಿ ಗುಂಡಿನ ಚಕಮಕಿಯ ನಂತರ ಎಫ್‌ಬಿಐ 12ರಿಂದ 18 ಇಂಚು ಆಳದ ಲೆಕ್ಕ ಹಿಡಿದದ್ದು ಅಂಥ ಗುಂಡುಗಳಿಗೆ. ಆ ಆಳವನ್ನು ಪೆಲೆಟ್‌ನಿಂದ ಕೇಳಬೇಡಿ. ಅವರ ಮಾಧ್ಯಮವನ್ನು ಮಾತ್ರ ಎರವಲು ತನ್ನಿ: ತೂಕದಲ್ಲಿ ಶೇ. 10 ಜೆಲಾಟಿನ್, 4 ಡಿಗ್ರಿ ಸೆಲ್ಸಿಯಸ್.

ಮೊದಲ ಬ್ಲಾಕ್ ಕೆಟ್ಟದ್ದು ಸಮುದ್ರಪಾಚಿಯಿಂದ ತೆಗೆಯುವ ಚೈನಾ ಗ್ರಾಸ್‌ನಿಂದ. ಅಗ್ಗ, ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಫ್ರಿಜ್ಜಿಲ್ಲದೆಯೂ ಗಟ್ಟಿಯಾಗುತ್ತದೆ. ಆದರೆ ಅದಕ್ಕೆ ಎಳೆತವಿಲ್ಲ. ಪೆಲೆಟ್ ತಾಗಿದ್ದೇ ಬ್ಲಾಕ್ ಇಬ್ಭಾಗವಾಯಿತು. ಎರಡು, ಮೂರನೆಯವು ಜೆಲಾಟಿನ್‌ದೇ, ಪುಡಿಯನ್ನು ಕುದಿಯುವ ನೀರಿಗೆ ಸುರಿದದ್ದು ತಪ್ಪು. ಗಂಟು ಕಟ್ಟಿತು, ಗಂಟು ಕರಗಿಸಲು ಇನ್ನಷ್ಟು ಕುದಿಸಿದೆ, ಅಲ್ಲಿಗೆ ಜೆಲಾಟಿನ್‌ನ ಬಲವೇ ಹೋಯಿತು. ನಾಲ್ಕನೆಯದಕ್ಕೆ ಟ್ಯಾಂಕರ್ ನೀರು ಬಳಸಿದ್ದರಿಂದ ಮಜ್ಜಿಗೆಯ ಹಾಗೆ ಮಸುಕು, ಒಳಗೆ ಪೆಲೆಟ್ ಎಲ್ಲಿದೆ ಅಂತ ಕಾಣಲೇ ಇಲ್ಲ. ಆಮೇಲೆ ಫಿಲ್ಟರ್ ನೀರೇ.

ಕೊನೆಗೆ ನಿಂತ ಹದ ಇದು. ರವಿವಾರ ಪೇಟೆಯಿಂದ ತಂದ 250 ಬ್ಲೂಮ್ (ಜೆಲಾಟಿನ್ ಎಷ್ಟು ಗಟ್ಟಿ ಕಟ್ಟುತ್ತದೆ ಅನ್ನುವ ಅಳತೆ) ಪುಡಿ 200 ಗ್ರಾಂ, ನೀರು 1.8 ಲೀಟರ್. ಬ್ಲೂಮ್ ಎಷ್ಟು ಅಂತ ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ. ಕಿಲೋಗೆ ಆಗ ಒಂಬೈನೂರರಿಂದ ಸಾವಿರ ಇತ್ತು, ಅಂದರೆ ಬ್ಲಾಕಿಗೆ ಇನ್ನೂರರ ಒಳಗೆ. ತಣ್ಣೀರಿಗೆ ಪುಡಿ ಉದುರಿಸುತ್ತ ಕದಡಿ, ಎರಡು ತಾಸು ಫ್ರಿಜ್ಜಿನಲ್ಲಿ ನೆನೆಯಲು ಬಿಡಬೇಕು. ಆಮೇಲೆ ಪಾತ್ರೆಯೊಳಗೆ ಪಾತ್ರೆ ಇಟ್ಟು ಬಿಸಿ ಮಾಡುವುದು, 55 ಡಿಗ್ರಿ ದಾಟದಂತೆ. ನೊರೆ ತೆಗೆದು, ಎರಡು ಹನಿ ದಾಲ್ಚಿನ್ನಿ ಎಣ್ಣೆ ಹಾಕಿ, 20 ಸೆಂ.ಮೀ. ಉದ್ದದ ಅಚ್ಚಿಗೆ ಗೋಡೆಯ ಗುಂಟ ನಿಧಾನ ಹೊಯ್ಯಿರಿ. ಆರಿದ ಮೇಲೆ ಮುಚ್ಚಿ ಒಂದೂವರೆ ದಿನ ಫ್ರಿಜ್ಜು. ಅಚ್ಚಿನಿಂದ ಬ್ಲಾಕ್ ಕಲೆಯಿಲ್ಲದೆ ಬಿಡಿಸುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆ 7–8 ಡಿಗ್ರಿ ತೋರಿಸುತ್ತಿತ್ತು, ಬೇಕಾದದ್ದು 4. ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನೋಡಿ. ಏಪ್ರಿಲ್‌ನಲ್ಲಿ ಬ್ಲಾಕನ್ನು ಹೊರಗೆ ತೆಗೆದರೆ ಕಾಲು ತಾಸಿನಲ್ಲಿ ಮೈ ಬೆಚ್ಚಗಾಗುತ್ತದೆ, ಹೊಡೆತವೆಲ್ಲ ಆಳವಾಗಿ ಬೀಳುತ್ತದೆ. ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ಹಾಕಿಕೊಂಡೇ ಹೋಗಿ.

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಉಕ್ಕಿನ ಬಿಬಿ, ಅಂದರೆ ಬ್ಲಾಕಿನ ಹದ ಸರಿಯಿದೆಯೇ ಅಂತ ನೋಡಲು ಹೊಡೆಯುವ ಸಣ್ಣ ದುಂಡು ಗುಂಡು. ಸೆಕೆಂಡಿಗೆ 180 ಮೀಟರಿನಲ್ಲಿ ಹೊಡೆದಾಗ ಅದು 8.5 ಸೆಂ.ಮೀ. ಹೋಗಬೇಕು, ಒಂದು ಸೆಂ.ಮೀ. ಹೆಚ್ಚುಕಮ್ಮಿ ಪರವಾಗಿಲ್ಲ. ಪಿಸ್ತೂಲಿಗೆ ಆ ವೇಗ ಬಾರದು. ಒಳಗೆ ಸುರುಳಿ ಗೀರು (ರೈಫ್ಲಿಂಗ್) ಇರುವ ನಳಿಗೆಗೆ ಉಕ್ಕು ಹಾಕಿದರೆ ನಳಿಗೆ ಹಾಳು. ಹಾಗಾಗಿ ಒಳಗೆ ನುಣುಪಾದ ಹಳೆಯ ಏರ್ ಗನ್ ಒಂದನ್ನು ಎರವಲು ತಂದೆ. ವೇಗ ಏರಿದರೆ ಆಳವೂ ಏರುತ್ತದೆ, ಅಷ್ಟನ್ನು ಕಳೆದುಕೊಳ್ಳಿ. ವೇಗ ಅಳೆಯುವ ಕ್ರೋನೋಗ್ರಾಫ್ ಟ್ಯೂಬ್‌ಲೈಟ್ ಕೆಳಗೆ ಹುಚ್ಚುಹುಚ್ಚಾಗಿ ಓದುತ್ತದೆ, ಹಗಲು ಬೆಳಕಿಗೆ ಒಯ್ಯಿರಿ. ಬಿಬಿ 10.5 ಸೆಂ.ಮೀ. ಹೋದ ಎರಡು ಬ್ಲಾಕ್‌ಗಳನ್ನು ಪೂರ್ತಿ ಲೆಕ್ಕದಿಂದ ತೆಗೆದೆ. ಹೊಟ್ಟೆ ಉರಿಯಿತು, ಆದರೂ ತೆಗೆದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ಉಕ್ಕು ಪುಟಿದು ಬರುತ್ತದೆ. ಬ್ಲಾಕಿನ ಹಿಂದೆ ಪೆಲೆಟ್ ಟ್ರ್ಯಾಪ್, ಅದರ ಹಿಂದೆ ದಪ್ಪ ಪ್ಲೈವುಡ್.

ಒಂದು ಬ್ಲಾಕಿಗೆ ನಾಲ್ಕೇ ಹೊಡೆತ: ಒಂದು ಬಿಬಿ, ಮೂರು ಪೆಲೆಟ್, ನಡುವೆ 4 ಸೆಂ.ಮೀ. ಅಂತರ. ದೂರ 3 ಮೀಟರ್. ಆಳ ಅಳೆಯುವಾಗ ಪೆಲೆಟ್ ನಿಂತ ಜಾಗ ನೋಡಬೇಡಿ. ಜೆಲಾಟಿನ್ ರಬ್ಬರಿನ ಹಾಗೆ ಅದನ್ನು ಸ್ವಲ್ಪ ಹಿಂದಕ್ಕೆ ತಳ್ಳಿರುತ್ತದೆ. ಬ್ಲಾಕಿನ ಹಿಂದೆ ಟಾರ್ಚ್ ಹಿಡಿದರೆ ಮೂತಿಯಿಂದ ಮುಂದೆ ಕೂದಲೆಳೆಯಷ್ಟು ಸಣ್ಣ ಸೀಳು ಕಾಣುತ್ತದೆ, ಆಳವೆಂದರೆ ಅದರ ತುದಿ. ನಾನು ಮೊದಮೊದಲು ಅಳೆದ ಅಂಕಿಗಳಲ್ಲಿ ಈ ತಪ್ಪು ಸೇರಿಕೊಂಡಿದೆ.

ನೆನಪಿನಿಂದ ಹೇಳುವುದಾದರೆ ಚಪ್ಪಟೆ ಮೂತಿಯದು ಏಳೂವರೆ ಸೆಂ.ಮೀ., ದುಂಡು ಮೂತಿಯದು ಹತ್ತರ ಹತ್ತಿರ, ಹಾಲೋಪಾಯಿಂಟ್ ಎಂಟು. ಚೂಪು ಮೂತಿಯದು ಹತ್ತು ದಾಟಿತು, ಆದರೆ ಎರಡು ಸಲ ದಾರಿ ಬಾಗಿತು, ಅದನ್ನು ನಾನು ನಂಬುವುದಿಲ್ಲ. ಹೊರತೆಗೆದ ಹಾಲೋಪಾಯಿಂಟ್‌ಗಳನ್ನು ಕ್ಯಾಲಿಪರ್‌ನಲ್ಲಿ ಹಿಡಿದರೆ ತಲೆ ಇದ್ದಷ್ಟೇ ಇತ್ತು, ಗುಳಿಯಲ್ಲಿ ಜೆಲಾಟಿನ್ ತುಂಬಿತ್ತು, ಅಷ್ಟೇ. ಅಂದರೆ ಅದು ಚಪ್ಪಟೆ ಮೂತಿಯ ದುಬಾರಿ ತಮ್ಮ. ಮರದ ಹಲಗೆಗೆ ಹೊಡೆದು "ಅರಳಿತು" ಅನ್ನುವವರಿಗೆ ಒಂದು ಮಾತು: ಹಲಗೆಗೆ ಬಡಿದರೆ ದುಂಡು ಮೂತಿಯೂ ಅರಳುತ್ತದೆ.

ನಡುವೆ ಒದ್ದೆ ಪೇಪರ್ ಕಟ್ಟು, ಬಟ್ಟೆ ಸೋಪಿನ ಬಾರ್ ಎರಡನ್ನೂ ನೋಡಿದೆ. ಪೇಪರನ್ನು ಎಷ್ಟು ಹಿಂಡಿದಿರಿ ಅನ್ನುವುದರ ಮೇಲೆ ಆಳ ಬದಲಾಗುತ್ತದೆ, ಒಂದು ದಿನದ ಅಂಕಿ ಮರುದಿನಕ್ಕೆ ಬಾರದು. ಸೋಪು ಚೆನ್ನ: ರಂಧ್ರ ಮುಚ್ಚಿಕೊಳ್ಳುವುದಿಲ್ಲ, ಕೊಯ್ದು ಆಕಾರ ನೋಡಬಹುದು. ಆದರೆ ಎರಡು ಬಾರ್ ಒಂದೇ ಗಟ್ಟಿ ಇರುವುದಿಲ್ಲ.

ಜೆಲಾಟಿನ್ ಕರಗಿಸಿ ಎರಡನೇ ಸಲ ಎರಕ ಹೊಯ್ದೆ, ಬಿಬಿ ಪರೀಕ್ಷೆಯಲ್ಲಿ ಪಾಸಾಯಿತು. ಮೂರನೇ ಸಲ ಮೆತ್ತಗಾಯಿತು. ಸೀಸ ಬಿದ್ದ ಪಾತ್ರೆ, ಅಚ್ಚು, ಸೌಟು ಯಾವುದೂ ಮತ್ತೆ ಅಡುಗೆಮನೆಗೆ ಹೋಗಬಾರದು. ಅವಕ್ಕೆ ಕೆಂಪು ಬಣ್ಣ ಬಳಿದು ಬಾಲ್ಕನಿಯಲ್ಲಿ ಇಟ್ಟಿದ್ದೇನೆ.